ಪ್ರವಾಸ ಬರಹ ಸುಧಾರಿಸಿಕೊಳ್ಳುವುದು ಹೇಗೆ? ಟಿಪ್ಪಣಿ ಪುಸ್ತಕದಿಂದ ಪ್ರಕಟಣೆಯವರೆಗೆ ಹಂತ ಹಂತವಾಗಿ

ಅಭಿಪ್ರಾಯ ಕೇಳಿ ನನಗೆ ಬರುವ ಪ್ರವಾಸ ಬರಹಗಳಲ್ಲಿ ಹೆಚ್ಚಿನವು ಒಂದೇ ಕಡೆ ಮುಗ್ಗರಿಸುತ್ತವೆ. ನಸುಕಿನಲ್ಲಿ ಎದ್ದದ್ದು, ಗಾಡಿ ಹತ್ತಿದ್ದು, ದಾರಿಯಲ್ಲಿ ಇಡ್ಲಿ ತಿಂದದ್ದು ಎಂದು ಮೂರು ಪ್ಯಾರಾ ಕಳೆದ ಮೇಲೆ ಊರು ಬರುತ್ತದೆ. ಬಂದರೂ ಕಾಣುವುದಿಲ್ಲ. ‘ರಮಣೀಯ’, ‘ಅದ್ಭುತ’, ‘ಕಣ್ಮನ ಸೆಳೆಯುವ’ ಎಂಬ ಪದಗಳಷ್ಟೇ ಕಾಣುತ್ತವೆ. ಬರೆದವರಿಗೆ ಕನ್ನಡ ಬಾರದು ಅಂತಲ್ಲ. ಬರೆಯಲು ಕೂತಾಗ ಅವರ ಕೈಯಲ್ಲಿ ಸರಕೇ ಇರುವುದಿಲ್ಲ. ನೆನಪಿನಲ್ಲಿ ಉಳಿದದ್ದು ‘ಚೆನ್ನಾಗಿತ್ತು’ ಎಂಬ ಭಾವನೆ ಮಾತ್ರ. ಭಾವನೆಯೊಂದನ್ನೇ ನಂಬಿ ಎರಡು ಪುಟ ತುಂಬಿಸಲು ಹೊರಟರೆ ವಿಶೇಷಣಗಳೇ ಗತಿ.

ಹಾಗಾಗಿ ಈ ಮಾರ್ಗದರ್ಶಿಯ ಅರ್ಧಕ್ಕಿಂತ ಹೆಚ್ಚು ಭಾಗ ಬರೆಯಲು ಕೂರುವ ಮೊದಲಿನ ಕೆಲಸದ ಬಗ್ಗೆಯೇ ಇದೆ. ಉದಾಹರಣೆಗೆ ಉದ್ದಕ್ಕೂ ಬಾದಾಮಿಯನ್ನೇ ಇಟ್ಟುಕೊಂಡಿದ್ದೇನೆ. ತುಂಬ ಜನ ಹೋಗಿ ಬಂದ ಊರು, ತುಂಬ ಜನ ಬರೆದ ಊರು. ಆದ್ದರಿಂದ ಎಲ್ಲಿ ತಪ್ಪುತ್ತದೆ ಎಂದು ತೋರಿಸುವುದು ಸುಲಭ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೆಯದನ್ನು ಬಿಟ್ಟು ಆರನೆಯದಕ್ಕೆ ಹಾರಿದರೆ ಮತ್ತೆ ಅದೇ ‘ರಮಣೀಯ’ಕ್ಕೆ ಬಂದು ನಿಲ್ಲುತ್ತೀರಿ.

ಬೇಕಾದ ಸಾಮಾನು

ಜೇಬಿನಲ್ಲಿ ಹಿಡಿಸುವ ಟಿಪ್ಪಣಿ ಪುಸ್ತಕ ಒಂದು. ಪೆನ್ನಿಗಿಂತ ಪೆನ್ಸಿಲ್ ವಾಸಿ, ಮಳೆಯಲ್ಲಿ ಅಕ್ಷರ ಕದಡುವುದಿಲ್ಲ. ಫೋನಿನಲ್ಲಿ ಧ್ವನಿಮುದ್ರಣದ ಆ್ಯಪ್ ಮತ್ತು ಕನ್ನಡ ಕೀಬೋರ್ಡ್ ಇರಲಿ. ಗೂಗಲ್‌ನ ಕೀಬೋರ್ಡ್ ಆದ ಜೀಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿಯೇ ಟೈಪ್ ಮಾಡಬಹುದು. ನಡೆಯುತ್ತ ಟಿಪ್ಪಣಿ ಮಾಡಿಕೊಳ್ಳಲು ಅನುಕೂಲ. ಆದರೆ ಊರ ಹೆಸರುಗಳನ್ನು ಅದು ಆಗಾಗ ತಪ್ಪಾಗಿ ಬರೆಯುತ್ತದೆ, ರಾತ್ರಿ ಕೂತು ತಿದ್ದಬೇಕು. ಕರಡನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಪಠ್ಯವನ್ನು ನೇರ ಅಂತರ್ಜಾಲಕ್ಕೆ ಹಾಕಿದರೆ ಓದುಗರಿಗೆ ಚಿತ್ರವಿಚಿತ್ರ ಚಿಹ್ನೆಗಳು ಕಾಣುತ್ತವೆ.

ದುಬಾರಿ ಕ್ಯಾಮೆರಾ ಬೇಕಾಗಿಲ್ಲ.

ಹಂತ 1: ಹೊರಡುವ ಮೊದಲು ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ

‘ಬಾದಾಮಿ ಪ್ರವಾಸ’ ಎನ್ನುವುದು ವಿಷಯವಲ್ಲ, ಊರಿನ ಹೆಸರು. ಓದುಗರು ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ನೀವೂ ಒಂದನ್ನು ಹಿಡಿದುಕೊಂಡೇ ಹೊರಡಿ. ಸ್ವಂತ ಗಾಡಿ ಇಲ್ಲದೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ನೋಡಲು ಆಗುತ್ತದೆಯೇ? ಮೊಣಕಾಲು ನೋವಿರುವ ಅಮ್ಮನನ್ನು ನಾಲ್ಕೂ ಗುಹೆಗಳಿಗೆ ಕರೆದೊಯ್ಯಬಹುದೇ? ಬನಶಂಕರಿಯ ಗುಡಿಯ ಹತ್ತಿರ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳ ರೊಟ್ಟಿ ಊಟ ಹೇಗಿರುತ್ತದೆ? ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಪ್ರಶ್ನೆ ಕೈಯಲ್ಲಿದ್ದರೆ ಅಲ್ಲಿಗೆ ಹೋದಾಗ ಏನು ನೋಡಬೇಕು, ಯಾರನ್ನು ಕೇಳಬೇಕು ಎಂದು ತಾನಾಗಿ ಹೊಳೆಯುತ್ತದೆ.

ಇದೇ ಹಂತದಲ್ಲಿ ಇನ್ನೊಂದು ಸಣ್ಣ ತಯಾರಿ. ಕಣ್ಣಿಗೆ ಬೀಳುವ ವಸ್ತುಗಳ ಹೆಸರು ಕಲಿತುಕೊಂಡು ಹೋಗಿ. ಗರ್ಭಗುಡಿ, ಸುಕನಾಸಿ (ಗರ್ಭಗುಡಿಯ ಮುಂದಿನ ಕಿರುಮಂಟಪ), ನವರಂಗ (ಅದರ ಮುಂದಿನ ಕಂಬಗಳ ಮಂಟಪ), ಬೋದಿಗೆ (ತೊಲೆ ಹೊರುವ ಕಂಬದ ತಲೆ), ಕಕ್ಷಾಸನ (ಒರಗಿ ಕೂರುವ ಕಲ್ಲಿನ ಜಗಲಿ) ಎಂಬ ಪದಗಳು ಗೊತ್ತಿದ್ದರೆ ‘ಒಳಗಡೆ ಸುಂದರವಾದ ಕೆತ್ತನೆಗಳಿವೆ’ ಎಂದು ಬರೆಯುವ ಪ್ರಮೇಯ ಬರುವುದಿಲ್ಲ. ಕಲ್ಲಿನ ಹೆಸರೂ ಅಷ್ಟೇ. ಬಾದಾಮಿಯದು ಕೆಂಪು ಮರಳುಗಲ್ಲು, ಹಳೇಬೀಡಿನದು ಬಳಪದ ಕಲ್ಲು, ಹಂಪಿಯ ಬಂಡೆಗಳು ಗ್ರಾನೈಟ್. ಉಳಿ ಹೇಗೆ ಓಡಿದೆ, ಕೆತ್ತನೆ ಎಷ್ಟು ಸೂಕ್ಷ್ಮವಾಗಿದೆ, ಎಲ್ಲಿ ಸವೆದಿದೆ ಎನ್ನುವುದಕ್ಕೆಲ್ಲ ಆ ಕಲ್ಲೇ ಕಾರಣ.

ಎಚ್ಚರಿಕೆಯ ಗುರುತು: ನಿಮ್ಮ ಪ್ರಶ್ನೆಯಲ್ಲಿ ಊರಿನ ಹೆಸರು ಬದಲಿಸಿದರೂ ಅದು ಹಾಗೇ ಸರಿಹೊಂದುತ್ತಿದ್ದರೆ ಪ್ರಶ್ನೆ ಇನ್ನೂ ಜಾಳಾಗಿದೆ.

ಹಂತ 2: ಸ್ಥಳದಲ್ಲೇ ಟಿಪ್ಪಣಿ ಮಾಡಿಕೊಳ್ಳಿ

ಹೆಚ್ಚಿನವರು ಸೋಲುವುದು ಇಲ್ಲೇ. ‘ಫೋಟೋ ತೆಗೆದಿದ್ದೇನಲ್ಲ, ನೆನಪಾಗುತ್ತದೆ’ ಎಂದುಕೊಳ್ಳುತ್ತಾರೆ. ಫೋಟೋದಲ್ಲಿ ಸದ್ದಿಲ್ಲ, ವಾಸನೆ ಇಲ್ಲ, ಕಲ್ಲು ಎಷ್ಟು ಕಾದಿತ್ತು ಎನ್ನುವುದಿಲ್ಲ. ಚೌಕಟ್ಟಿನ ಆಚೆ ನಡೆದದ್ದಂತೂ ಇಲ್ಲವೇ ಇಲ್ಲ.

ಒಂದು ಜಾಗಕ್ಕೆ ಹೋದ ಕೂಡಲೇ ಫೋನ್ ಜೇಬಿಗೆ ಹಾಕಿ ಹತ್ತು ನಿಮಿಷ ಸುಮ್ಮನೆ ಕೂತುಬಿಡಿ. ಆಮೇಲೆ ಮೂರು ಬಗೆಯ ಸಂಗತಿ ಬರೆದುಕೊಳ್ಳಿ: ಕಂಡದ್ದು, ಕೇಳಿದ್ದು, ಎಣಿಸಿದ್ದು. ವಾಕ್ಯ ಪೂರ್ತಿ ಮಾಡಬೇಡಿ, ತುಂಡು ಪದ ಸಾಕು. ವಿಶೇಷಣ ಬರೆಯಲೇಬೇಡಿ. ಭೂತನಾಥ ಗುಡಿಯ ಮುಂದೆ ಮಾಡಿಕೊಂಡ ಟಿಪ್ಪಣಿ ಹೀಗಿರಬಹುದು:

‘ಸಂಜೆ 5.10. ಗುಡಿ ಕೆರೆಯ ಪೂರ್ವ ದಂಡೆ, ಮುಖ ಪಶ್ಚಿಮ. ಬಿಸಿಲು ನೇರ ಗುಡಿಯ ಮೇಲೆ. ಹಿಂದಿನ ಬಂಡೆ ಕೆಂಪು, ಮೇಲೆ ಮೇಲೆ ಹೋದಂತೆ ಕಪ್ಪು ಗೆರೆ, ಮಳೆನೀರು ಇಳಿದ ಜಾಡು. ನೀರು ಹಸಿರು. ಮೆಟ್ಟಿಲಲ್ಲಿ ಬಟ್ಟೆ ಒಗೆಯುವವರು ಐದು ಜನ. ಸದ್ದು ಬಂಡೆಗೆ ಬಡಿದು ವಾಪಸ್. ಮಂಗ ಬಿಸ್ಕೆಟ್ ಪೊಟ್ಟಣ ಕಿತ್ತುಕೊಂಡಿತು. ಕಲ್ಲು ಇನ್ನೂ ಬೆಚ್ಚಗಿದೆ.’

ಇಷ್ಟು ಗೀಚಲು ಮೂರು ನಿಮಿಷ ಬೇಕು. ಇದು ಬರಹವಾಗಿ ಹೇಗೆ ಬದಲಾಗುತ್ತದೆ ಎಂದು ಆರನೇ ಹಂತದಲ್ಲಿ ನೋಡೋಣ.

ಎಣಿಸುವುದನ್ನು ಮಾತ್ರ ಮರೆಯಬೇಡಿ. ‘ತುಂಬಾ ಮೆಟ್ಟಿಲು’ ಎಂದರೆ ಮೊಣಕಾಲು ನೋವಿನವರಿಗೆ ಏನೂ ತಿಳಿಯುವುದಿಲ್ಲ. ಹತ್ತುವಾಗ ಎಣಿಸಿ, ಎಲ್ಲಿ ಕೂರಲು ಜಾಗ ಇದೆ, ಎಲ್ಲಿ ಕೈಹಿಡಿ ಇಲ್ಲ, ಯಾವ ಮೆಟ್ಟಿಲು ಮೊಣಕಾಲೆತ್ತರ ಇದೆ ಎಂದು ಗುರುತು ಹಾಕಿಕೊಳ್ಳಿ. ಟಿಕೆಟ್ ದರದ ಹಲಗೆ, ಬಸ್ ವೇಳಾಪಟ್ಟಿ, ಪುರಾತತ್ವ ಇಲಾಖೆಯ ಫಲಕ, ಇವುಗಳಿಗೆ ಫೋಟೋ ತೆಗೆದುಕೊಳ್ಳಿ. ಫೋಟೋ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ. ತೆಗೆದ ಸಮಯವೂ ಅದರಲ್ಲೇ ದಾಖಲಾಗಿರುತ್ತದೆ.

ಎಚ್ಚರಿಕೆಯ ಗುರುತು: ದಿನದ ಕೊನೆಗೆ ಟಿಪ್ಪಣಿಯಲ್ಲಿ ‘ಸೂಪರ್’, ‘ಸಖತ್’, ‘ಮಸ್ತ್’ ಎಂದಿದ್ದು, ಒಂದು ಸದ್ದಾಗಲಿ ಒಂದು ಸಂಖ್ಯೆಯಾಗಲಿ ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ.

ಹಂತ 3: ಜನರ ಮಾತನ್ನು ಜನರ ಬಾಯಲ್ಲೇ ಬರೆದುಕೊಳ್ಳಿ

ಬನಶಂಕರಿಯಲ್ಲಿ ಊಟ ಬಡಿಸುವ ಹೆಣ್ಣುಮಗಳು ಹೇಳುವುದು ಹೀಗೆ: ‘ಊಟ ಮಾಡ್ರಿ ಅಣ್ಣಾರ, ರೊಕ್ಕ ಆಮ್ಯಾಲ ಕೊಡೀರಂತ.’ ಇದೇ ಮಾತು ನಮ್ಮ ಬರಹಗಳಲ್ಲಿ ಏನಾಗುತ್ತದೆ ನೋಡಿ: ‘ಮೊದಲು ಊಟ ಮಾಡಿ, ಹಣವನ್ನು ನಂತರ ಪಾವತಿಸಬಹುದು ಎಂದು ಅಲ್ಲಿನ ಮಹಿಳೆಯೊಬ್ಬರು ತಿಳಿಸಿದರು.’ ರೊಟ್ಟಿ ಬುಟ್ಟಿ ಹೊತ್ತು ನಿಂತವರನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂರಿಸಿದ ಹಾಗಾಯಿತು. ಬಾಗಲಕೋಟೆಯ ಮಾತು ಮೈಸೂರಿನವರಿಗೆ ಅರ್ಥವಾಗದು ಎಂಬ ಭಯ ಬೇಡ. ಒಂದೆರಡು ವಾಕ್ಯ ಯಾರಿಗೂ ಕಷ್ಟವಲ್ಲ. ಆ ಊರಿನ ದನಿ ಕೇಳಿಸುವುದೂ ಅದರಿಂದಲೇ. ಆದರೆ ಕೇಳಿಸಿಕೊಂಡದ್ದನ್ನು ಮಾತ್ರ ಬರೆಯಿರಿ. ಆ ಕಡೆಯವರಲ್ಲದೆ ಅವರ ಆಡುಮಾತನ್ನು ಊಹೆಯಿಂದ ಕಟ್ಟಿದರೆ ಅಲ್ಲಿಯ ಓದುಗರು ಮೊದಲ ಸಾಲಿನಲ್ಲೇ ಹಿಡಿಯುತ್ತಾರೆ, ಬೇಸರವನ್ನೂ ಪಡುತ್ತಾರೆ.

ವಸ್ತುಗಳ ಹೆಸರೂ ಅಲ್ಲಿನದೇ ಇರಲಿ. ಅಲ್ಲಿ ಓಡುವುದು ಟಂಟಂ, ಅದನ್ನು ‘ಹಂಚಿಕೆಯ ಆಟೋ ವಾಹನ’ ಎನ್ನಬೇಡಿ. ತಟ್ಟೆಯಲ್ಲಿರುವುದು ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿ, ಗಡಿಗೆಯ ಮೊಸರು. ‘ಉತ್ತರ ಕರ್ನಾಟಕದ ಸಾಂಪ್ರದಾಯಿಕ ಖಾದ್ಯಗಳು’ ಎಂದು ಬರೆದರೆ ಯಾರ ಬಾಯಲ್ಲೂ ನೀರೂರುವುದಿಲ್ಲ.

ಧ್ವನಿಮುದ್ರಣಕ್ಕೂ ಮುಖದ ಫೋಟೋಗೂ ಮೊದಲು ಕೇಳಿ. ಅಂತರ್ಜಾಲದಲ್ಲಿ ಹಾಕುತ್ತೇವೆ ಎಂದು ಬಿಡಿಸಿ ಹೇಳಿ. ಬೇಡ ಎಂದರೆ ಬೇಡ. ಒಪ್ಪಿದರೂ ಖಾಸಗಿ ವ್ಯಕ್ತಿಗಳ ಪೂರ್ಣ ಹೆಸರು, ಫೋನ್ ನಂಬರ್ ಬರಹದಲ್ಲಿ ಬೇಕಿಲ್ಲ.

ಹಂತ 4: ಅದೇ ರಾತ್ರಿ ಅರ್ಧ ಗಂಟೆ

ಲಾಡ್ಜಿಗೆ ಬಂದು ಕೈಕಾಲು ತೊಳೆದ ಮೇಲೆ ಟಿಪ್ಪಣಿಯನ್ನು ಒಮ್ಮೆ ಓದಿ, ತುಂಡು ಪದಗಳ ಪಕ್ಕ ನೆನಪಾದದ್ದನ್ನು ಸೇರಿಸಿ. ನಾಳೆಗೆ ಇದರಲ್ಲಿ ಅರ್ಧ ಉಳಿಯುವುದಿಲ್ಲ. ಆಮೇಲೆ ಒಂದು ಸಾಲು ಬರೆಯಿರಿ: ‘ಇವತ್ತು ನಾನು ನಿರೀಕ್ಷಿಸದೆ ಇದ್ದದ್ದು ಯಾವುದು?’ ಎಷ್ಟೋ ಸಲ ಬರಹದ ಆರಂಭ ಇಲ್ಲಿಂದಲೇ ಸಿಗುತ್ತದೆ.

ಹಂತ 5: ಏನನ್ನು ಬಿಡಬೇಕು ಎಂದು ನಿರ್ಧರಿಸಿ

ಮನೆಗೆ ಬಂದ ಮೇಲೆ ಟಿಪ್ಪಣಿಯ ಪ್ರತಿ ಸಾಲನ್ನೂ ಹಂತ 1ರ ಪ್ರಶ್ನೆಯ ಮುಂದೆ ಇಟ್ಟು ನೋಡಿ. ಅಮ್ಮನನ್ನು ಗುಹೆಗಳಿಗೆ ಕರೆದೊಯ್ಯುವ ಬಗ್ಗೆ ಬರೆಯುತ್ತಿದ್ದರೆ ಮೆಟ್ಟಿಲು, ನೆರಳು, ಮಂಗಗಳ ಕಾಟ, ಶೌಚಾಲಯ ಎಲ್ಲವೂ ಬೇಕು. ರೈಲಿನಲ್ಲಿ ಪಕ್ಕದ ಸೀಟಿನವರ ಜೊತೆ ಆದ ಹರಟೆ ಬೇಡ. ಎಷ್ಟೇ ಚೆನ್ನಾಗಿದ್ದರೂ ಬೇಡ. ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ, ಇನ್ನೊಂದು ಬರಹಕ್ಕೆ ಆದೀತು.

ಇತಿಹಾಸದ ವಿಷಯದಲ್ಲಿ ನನ್ನ ನಿಲುವು ಖಚಿತವಾಗಿದೆ: ಓದುಗರು ಎದುರು ನಿಂತು ನೋಡಬಹುದಾದ ಇತಿಹಾಸವನ್ನಷ್ಟೇ ಬರೆಯಿರಿ. ಚಾಲುಕ್ಯರ ವಂಶಾವಳಿಯನ್ನು ಐದು ಪ್ಯಾರಾ ನಕಲು ಮಾಡಿದರೆ ಯಾರೂ ಓದುವುದಿಲ್ಲ. ಅದರ ಬದಲು ಮೂರನೇ ಗುಹೆಗೆ ಕರೆದೊಯ್ದು ಅಲ್ಲಿರುವ ಮಂಗಳೇಶನ ಶಾಸನ ತೋರಿಸಿ. ಅದರಲ್ಲಿ ಶಕವರ್ಷ 500ರ ಕಾರ್ತಿಕ ಹುಣ್ಣಿಮೆಯ ಉಲ್ಲೇಖವಿದೆ, ಅಂದರೆ ಕ್ರಿ.ಶ. 578. ಗುಹೆಯ ಕಾಲವನ್ನು ಗುಹೆಯ ಗೋಡೆಯೇ ಹೇಳುತ್ತಿದೆ ಎಂದು ತಿಳಿದಾಗ ಅಲ್ಲಿ ನಿಂತವರಿಗೆ ಆಗುವ ಬೆರಗು ವಂಶಾವಳಿಯಿಂದ ಆಗುವುದಿಲ್ಲ. ಹಾಗೆಯೇ ಕೆರೆಯ ಈಶಾನ್ಯದ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನ. ಕನ್ನಡದ ತ್ರಿಪದಿ ಸಿಗುವ ಅತ್ಯಂತ ಹಳೆಯ ಜಾಗಗಳಲ್ಲಿ ಅದೊಂದು. ಗುಹೆ ನೋಡಿ ಹಾಗೇ ಹಿಂತಿರುಗುವ ಬಹಳ ಮಂದಿಗೆ ಅದು ಅಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಅಲ್ಲಿಗೆ ಹೋಗುವ ದಾರಿಯನ್ನು ಸ್ಪಷ್ಟವಾಗಿ ಬರೆದರೆ ಅದೊಂದಕ್ಕಾಗಿಯೇ ನಿಮ್ಮ ಬರಹವನ್ನು ಜನ ಉಳಿಸಿಟ್ಟುಕೊಳ್ಳುತ್ತಾರೆ.

ಹಂತ 6: ಕರಡು ಬರೆಯುವುದು

ಮೊದಲ ಪ್ಯಾರಾದಲ್ಲೇ ಊರು ಕಾಣಬೇಕು. ನಿಮ್ಮ ಮನೆ ಬಾಗಿಲಿನಿಂದ ಶುರು ಮಾಡಬೇಡಿ. ದಾರಿಯೇ ವಿಷಯವಾಗಿದ್ದರೆ ಮಾತ್ರ ದಾರಿಯಿಂದ ಶುರುವಾಗಲಿ.

ಈಗ ಭೂತನಾಥ ಗುಡಿಗೆ ವಾಪಸ್ ಹೋಗೋಣ. ಟಿಪ್ಪಣಿ ಇಲ್ಲದೆ ಬರೆದ ಪ್ಯಾರಾ ಹೀಗಿರುತ್ತದೆ:

‘ನಂತರ ನಾವು ಭೂತನಾಥ ದೇವಾಲಯಕ್ಕೆ ಭೇಟಿ ನೀಡಿದೆವು. ಅಗಸ್ತ್ಯ ತೀರ್ಥದ ದಡದಲ್ಲಿರುವ ಈ ದೇವಾಲಯವು ಅತ್ಯಂತ ರಮಣೀಯವಾಗಿದ್ದು ನೋಡುಗರ ಕಣ್ಮನ ಸೆಳೆಯುತ್ತದೆ. ಇಲ್ಲಿನ ಸೂರ್ಯಾಸ್ತದ ಸೊಬಗನ್ನು ವರ್ಣಿಸಲು ಪದಗಳೇ ಸಾಲವು.’

ಟಿಪ್ಪಣಿ ಇಟ್ಟುಕೊಂಡು ಬರೆದದ್ದು:

‘ಭೂತನಾಥನ ಗುಡಿ ಕೆರೆಯ ಪೂರ್ವ ದಂಡೆಯಲ್ಲಿದೆ, ಮುಖ ಪಶ್ಚಿಮಕ್ಕೆ. ಹಾಗಾಗಿ ಸಂಜೆ ಐದರ ಹೊತ್ತಿಗೆ ಬಿಸಿಲು ನೇರ ಗುಡಿಯ ಮೇಲೆ ಬೀಳುತ್ತದೆ. ಹಿಂದಿನ ಬಂಡೆಯ ಮೇಲೆ ಮಳೆನೀರು ಇಳಿದು ಮೂಡಿದ ಕಪ್ಪು ಗೆರೆಗಳು ಒಂದೊಂದೂ ಎದ್ದು ಕಾಣುತ್ತವೆ. ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಮತ್ತೊಮ್ಮೆ ಕೇಳಿಸುತ್ತದೆ. ಎರಡನೇ ಸದ್ದು ಬರುವಷ್ಟರಲ್ಲಿ ಒಗೆಯುವವರ ಕೈ ಆಗಲೇ ಮೇಲೆದ್ದಿರುತ್ತದೆ. ಕೂತ ಕಲ್ಲಿನಲ್ಲಿ ಹಗಲಿನ ಬಿಸಿ ಇನ್ನೂ ಆರಿಲ್ಲ.’

ಎರಡನೆಯದರಲ್ಲಿ ‘ಸುಂದರ’ ಎಂಬ ಪದವೇ ಇಲ್ಲ. ಗುಡಿಗೆ ಯಾವ ಹೊತ್ತಿಗೆ ಹೋಗಬೇಕು, ಯಾಕೆ ಎಂಬ ಉಪಯುಕ್ತ ಮಾಹಿತಿಯೂ ಅದರೊಳಗೇ ಸೇರಿಹೋಗಿದೆ. ವರ್ಣನೆ ಬೇರೆ, ಮಾಹಿತಿ ಬೇರೆ ಎಂದು ವಿಭಾಗಿಸಿ ಬರೆಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಕಣ್ಣಾರೆ ಕಂಡದ್ದನ್ನು ಕಾರಣ ಸಹಿತ ಹೇಳಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ.

ಕನ್ನಡದಲ್ಲಿ ಪ್ರವಾಸ ಬರೆಯುವವರಿಗೆ ಎದುರಾಗುವ ಇನ್ನೊಂದು ತೊಡಕು ಕ್ರಿಯಾಪದದ್ದು. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಪ್ರವಾಸದಲ್ಲಿ ಕರ್ತೃ ಯಾವಾಗಲೂ ‘ನಾವು’. ಹೀಗಾಗಿ ‘ಇಳಿದೆವು, ಹಿಡಿದೆವು, ಹೋದೆವು, ತಗೊಂಡೆವು, ಹತ್ತಿದೆವು’ ಎಂದು ಪ್ರತಿ ವಾಕ್ಯವೂ ಒಂದೇ ತಾಳದಲ್ಲಿ ಬಂದು ಬೀಳುತ್ತದೆ. ಇದಕ್ಕೆ ಮೂರು ಉಪಾಯಗಳಿವೆ. ‘ಇಳಿದು’, ‘ಹತ್ತಿ’, ‘ದಾಟುತ್ತ’ ಎಂದು ಸಣ್ಣ ಕ್ರಿಯೆಗಳನ್ನು ಒಂದೇ ವಾಕ್ಯದಲ್ಲಿ ಕಟ್ಟುವುದು ಮೊದಲನೆಯದು. ‘ನಾವು’ ಬದಲು ಜಾಗವನ್ನೇ ಕರ್ತೃ ಮಾಡುವುದು ಎರಡನೆಯದು. ಆಗಾಗ ಕ್ರಿಯಾಪದವನ್ನೇ ಬಿಟ್ಟು ನಾಮಪದದಲ್ಲಿ ವಾಕ್ಯ ನಿಲ್ಲಿಸುವುದು ಮೂರನೆಯದು. ‘ಬಸ್ ನಿಲ್ದಾಣದಿಂದ ಗುಹೆಗಳಿಗೆ ನಡೆದೇ ಹೋಗಬಹುದು. ಟಿಕೆಟ್ ಕೌಂಟರ್ ದಾಟಿದರೆ ಎದುರಿಗೇ ಮೆಟ್ಟಿಲು. ಮೊದಲ ಗುಹೆಗೆ ಹೆಚ್ಚು ಹತ್ತಬೇಕಿಲ್ಲ. ದಮ್ಮು ಕಟ್ಟುವುದು ಮೇಲಿನ ಗುಹೆಗಳಿಗೆ.’ ಇಲ್ಲಿ ‘ನಾವು’ ಒಮ್ಮೆಯೂ ಬಂದಿಲ್ಲ, ಆದರೂ ಓದುಗರು ಮೇಲೆ ಹತ್ತಿಬಿಟ್ಟರು.

ಎಚ್ಚರಿಕೆಯ ಗುರುತು: ಕರಡಿನಲ್ಲಿ ‘ನಂತರ’, ‘ಆಮೇಲೆ’, ‘ತದನಂತರ’ ಎಷ್ಟು ಸಲ ಬಂದಿವೆ ಎಂದು ಹುಡುಕಿ. ಪ್ರತಿ ಪ್ಯಾರಾದಲ್ಲೂ ಇದ್ದರೆ ನೀವು ಬರೆದಿರುವುದು ದಿನಚರಿ.

ಹಂತ 7: ಸಂಗತಿಗಳನ್ನು ಪರಿಶೀಲಿಸಿ

ಕರಡಿನಲ್ಲಿರುವ ಪ್ರತಿ ಹೆಸರು, ಇಸವಿ, ಸಂಖ್ಯೆಯ ಕೆಳಗೆ ಗೆರೆ ಎಳೆಯಿರಿ. ಒಂದೊಂದನ್ನೂ ನೀವು ತೆಗೆದ ಫಲಕದ ಫೋಟೋ, ಜಿಲ್ಲಾ ಗೆಜೆಟಿಯರ್, ಶಾಸನ ಸಂಪುಟಗಳ ಜೊತೆ ಹೋಲಿಸಿ ನೋಡಿ. ಇನ್ನೊಬ್ಬರ ಪ್ರವಾಸ ಬರಹವನ್ನು ಆಧಾರವಾಗಿ ಹಿಡಿಯಬೇಡಿ. ಒಬ್ಬರ ತಪ್ಪು ಹತ್ತು ಕಡೆ ಹರಡುವುದು ಹಾಗೆಯೇ.

ಬಾದಾಮಿಯ ಬಗ್ಗೆ ಪದೇ ಪದೇ ಕಾಣುವ ತಪ್ಪುಗಳು ಇವು. ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ 1987ರಲ್ಲಿ ಸೇರಿದ್ದು ಪಟ್ಟದಕಲ್ಲು; ಬಾದಾಮಿ ಗುಹೆಗಳಿಗೂ ಅದೇ ಪಟ್ಟ ಕಟ್ಟುವವರಿದ್ದಾರೆ. ಬೆಟ್ಟದ ಕೋಟೆಯನ್ನು 543ರಲ್ಲಿ ಕಟ್ಟಿಸಿದವನು ಒಂದನೇ ಪುಲಕೇಶಿ. ಹರ್ಷವರ್ಧನನನ್ನು ತಡೆದವನು ಇಮ್ಮಡಿ ಪುಲಕೇಶಿ. ಬರೀ ‘ಪುಲಕೇಶಿ’ ಎಂದು ಬರೆದರೆ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ. ಬಾದಾಮಿ ಚಾಲುಕ್ಯರು, ಕಲ್ಯಾಣ ಚಾಲುಕ್ಯರು ಬೇರೆ ಬೇರೆ ಕಾಲದವರು ಎನ್ನುವುದೂ ಹಾಗೇ ಕಲಸಿಹೋಗುತ್ತದೆ.

ಶಕವರ್ಷವನ್ನು ಕ್ರಿಸ್ತಶಕಕ್ಕೆ ತರಲು 78 ಕೂಡಿಸಿ. ವರ್ಷದ ಕೊನೆಯ ತಿಂಗಳುಗಳಾದರೆ 79 ಆಗಬಹುದು, ಆದ್ದರಿಂದ ಮಾಸವನ್ನೂ ಗಮನಿಸಿ.

ಗೈಡ್‌ಗಳು ಹೇಳಿದ್ದನ್ನು ಬಿಡಬೇಕಿಲ್ಲ, ಆದರೆ ಅವರು ಹೇಳಿದ್ದು ಎಂದೇ ಬರೆಯಿರಿ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ‘81 ನೃತ್ಯಭಂಗಿ’ ಎನ್ನುತ್ತಾರೆ. ಆ ಲೆಕ್ಕ ಬರುವುದು ಎಡಗಡೆಯ ಒಂಬತ್ತು ಕೈಗಳಲ್ಲಿ ಒಂದೊಂದನ್ನೂ ಬಲಗಡೆಯ ಒಂಬತ್ತರ ಜೊತೆ ಜೋಡಿಸಿದಾಗ. ಹದಿನೆಂಟು ಕೈ ಎನ್ನುವುದು ಎಣಿಸಿ ನೋಡಬಹುದಾದ ಸಂಗತಿ, 81 ಎನ್ನುವುದು ಗೈಡ್‌ಗಳ ವಿವರಣೆ. ಈ ಗೆರೆ ಅಳಿಸದಂತೆ ಬರೆದರೆ ಓದುಗರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಹಂತ 8: ತಿದ್ದುವುದು

ಕರಡನ್ನು ಎರಡು ದಿನ ಹಾಗೇ ಬಿಟ್ಟು, ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ವಾಕ್ಯ ಒಡೆಯಿರಿ.

ಸವಕಲು ಪದಗುಚ್ಛಗಳನ್ನು ಹುಡುಕಿ ತೆಗೆಯಿರಿ: ಪ್ರಕೃತಿಯ ಮಡಿಲು, ಹಸಿರು ಸೀರೆಯುಟ್ಟ ಭೂತಾಯಿ, ಸ್ವರ್ಗವೇ ಧರೆಗಿಳಿದಂತೆ, ಬಣ್ಣಿಸಲು ಪದಗಳು ಸಾಲವು, ಕೈಬೀಸಿ ಕರೆಯುವ ತಾಣ. ತೆಗೆದ ಜಾಗಕ್ಕೆ ಇನ್ನೊಂದು ಅಲಂಕಾರ ತುಂಬಬೇಡಿ, ಟಿಪ್ಪಣಿಯ ಒಂದು ಸಾಲು ತಂದಿಡಿ. ಟಿಪ್ಪಣಿಯಲ್ಲಿ ಏನೂ ಇಲ್ಲದಿದ್ದರೆ ಆ ವಾಕ್ಯವೇ ಬೇಡ.

‘ಕೆತ್ತಲ್ಪಟ್ಟಿದೆ’, ‘ನಿರ್ಮಿಸಲಾಗಿದೆ’, ‘ಭೇಟಿ ನೀಡಲಾಯಿತು’ ಇವು ಸರ್ಕಾರಿ ಪತ್ರದ ಭಾಷೆ. ಕೆತ್ತಿದ್ದಾರೆ, ಕಟ್ಟಿಸಿದ, ಹೋದೆವು ಎನ್ನಿ.

ಕಾಗುಣಿತಕ್ಕೆ ಬೇರೆಯದೇ ಒಂದು ಓದು ಇರಲಿ. ‘ಮಧ್ಯಾಹ್ನ’ ಬರೆಯುವ ಕಡೆ ‘ಮದ್ಯಾಹ್ನ’ ಬಂದು ಅನರ್ಥವಾಗುತ್ತದೆ. ದೃಶ್ಯ, ದೀರ್ಘ, ಶಿಲ್ಪ ಇವುಗಳಲ್ಲೂ ಬಹಳ ಮಂದಿ ತಪ್ಪುತ್ತಾರೆ. ಊರ ಹೆಸರುಗಳನ್ನು ಇಂಗ್ಲಿಷ್ ನಕ್ಷೆ ನೋಡಿ ಊಹಿಸಬೇಡಿ, ಊರಿನ ಕನ್ನಡ ಫಲಕದಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ಹಂತ 9: ಹೋಗುವವರಿಗೆ ಬೇಕಾದ ವಿವರ ಮತ್ತು ಪ್ರಕಟಣೆ

ಕಥನದ ಮಧ್ಯೆ ದರ, ಸಮಯ ತುರುಕಬೇಡಿ. ಕೊನೆಯಲ್ಲಿ ಒಂದೇ ಕಡೆ ಕೊಡಿ: ಹೋಗುವುದು ಹೇಗೆ, ಯಾವ ವಾರ ರಜೆ, ಎಷ್ಟು ಹೊತ್ತು ಬೇಕು, ನೀರು ಮತ್ತು ಶೌಚಾಲಯ ಎಲ್ಲಿ, ಯಾವ ಹೊತ್ತಿನ ಬಿಸಿಲು ತಡೆಯದು. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರವಿದೆ, ಅಲ್ಲಿಂದ ಆಟೋ ಅಥವಾ ಟಂಟಂ ಹಿಡಿಯಬೇಕು ಎಂಬಂಥ ಸಣ್ಣ ವಿಷಯವೇ ರಾತ್ರಿ ರೈಲು ಇಳಿಯುವವರಿಗೆ ದೊಡ್ಡದು. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಇದನ್ನು ಬರೆಯದಿದ್ದರೆ ಶುಕ್ರವಾರ ಹೋದವರು ಬೀಗ ನೋಡಿಕೊಂಡು ಬರುತ್ತಾರೆ.

ಫೋಟೋಗಳು ಎಂಟು ಹತ್ತು ಸಾಕು. ಪ್ರತಿಯೊಂದರ ಕೆಳಗೂ ಚಿತ್ರದಲ್ಲಿ ಕಾಣದ ಒಂದು ಸಂಗತಿ ಬರೆಯಿರಿ: ಯಾವ ದಿಕ್ಕಿನಿಂದ ತೆಗೆದದ್ದು, ಎಷ್ಟು ಹೊತ್ತಿಗೆ. ಶೀರ್ಷಿಕೆಯಲ್ಲಿ ಹಂತ 1ರ ಪ್ರಶ್ನೆಯೇ ಇರಲಿ. ಜನ ಹುಡುಕುವಾಗ ಟೈಪ್ ಮಾಡುವುದೂ ಅದನ್ನೇ.

ದರ, ಸಮಯದ ಪಕ್ಕ ನೀವು ನೋಡಿದ ತಿಂಗಳು ಮತ್ತು ವರ್ಷ ಹಾಕುವುದು ಕಡ್ಡಾಯ. ಓದುಗರು ‘ಈಗ ಟಿಕೆಟ್ ದರ ಬದಲಾಗಿದೆ’ ಎಂದು ತಿಳಿಸಿದರೆ ವಿಚಾರಿಸಿ ನೋಡಿ, ಅದೇ ದಿನ ತಿದ್ದಿ. ತಿದ್ದಿದ ದಿನಾಂಕವನ್ನು ಬರಹದ ಮೇಲ್ಭಾಗದಲ್ಲೇ ನಮೂದಿಸಿ, ಕೆಳಗೆ ಹಾಕಿದರೆ ಬ್ಯಾಗು ಹೆಗಲಿಗೇರಿಸಿ ಬಸ್ ನಿಲ್ದಾಣದಲ್ಲಿ ನಿಂತು ಓದುವವರ ಕಣ್ಣಿಗೆ ಬೀಳುವುದಿಲ್ಲ.